ಕೋರಮಂಡಲದ ಬಸವನಹುಳು ಮತ್ತು ನನ್ನ ತಪ್ಪು ಉತ್ತರ

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ಆರೋಗ್ಯ ಶಿಬಿರದಲ್ಲಿ ನಾನೊಂದು ತಪ್ಪು ಉತ್ತರ ಕೊಟ್ಟಿದ್ದೆ. ಸ್ಯಾನ್ ಡಿಯೇಗೋದಿಂದ ಬಂದಿದ್ದ, ಕರಾವಳಿ ಮೂಲದ ಹಿರಿಯ ಸದಸ್ಯರೊಬ್ಬರಿಗೆ ಅಲ್ಲಿನ ಜಲಾಶಯಗಳಲ್ಲಿ ಗಾಳ ಹಾಕುವ ಹವ್ಯಾಸ. ಮೆಕ್ಸಿಕನ್ ಗೆಳೆಯರಿಂದ ಸೆವಿಚೆ ಮಾಡುವುದನ್ನು ಕಲಿತಿದ್ದ ಅವರು, ಹಿಡಿದ ಮೀನನ್ನು ನಿಂಬೆರಸದಲ್ಲಿ ನೆನೆಸಿ ಬೇಯಿಸದೆಯೇ ತಿನ್ನಬಹುದೇ ಎಂದು ಕೇಳಿದರು. “ಸಿಹಿನೀರಿನ ಮೀನಿನ ಹುಳುಗಳೆಲ್ಲ ಆಗ್ನೇಯ ಏಷ್ಯಾದ ತೊಂದರೆ ಸಾರ್. ಅವುಗಳನ್ನು ಹೊರುವ ಬಸವನಹುಳುವೇ ಇಲ್ಲಿಲ್ಲ” ಎಂದು ನಾನು ಧೈರ್ಯವಾಗಿ ಹೇಳಿಬಿಟ್ಟೆ. ಆ ಮಾತನ್ನು ಹಿಂತೆಗೆದುಕೊಳ್ಳಲೆಂದೇ ಈ ಬರಹ.

ಎಂಬಿಬಿಎಸ್ ಓದುವಾಗ ಪರೋಪಜೀವಿಗಳ ಪಾಠದಲ್ಲಿ ಮಧ್ಯಂತರ ಆತಿಥೇಯ ಎಂಬ ಕಲಮು ಇರುತ್ತಿತ್ತು. ಬುಲೈನಸ್, ಬಯೋಂಫಲೇರಿಯಾ, ಆಂಕೋಮೆಲೇನಿಯಾ ಎಂದು ಬಸವನಹುಳುಗಳ ಹೆಸರುಗಳನ್ನು ಮಗ್ಗಿಯಂತೆ ಉರುಹೊಡೆದು ಪರೀಕ್ಷೆಯ ಮರುದಿನ ಮರೆಯುತ್ತಿದ್ದೆವು. ಒಂದು ಹುಳುವನ್ನಾದರೂ ಕೈಯಲ್ಲಿ ಹಿಡಿದು ನೋಡಿದ ನೆನಪಿಲ್ಲ. ಆದರೆ ಫ್ಲೂಕ್ ಎಂಬ ಚಪ್ಪಟೆ ಹುಳು ಎಲ್ಲ ಬಸವನಹುಳುಗಳಲ್ಲೂ ಬೆಳೆಯುವುದಿಲ್ಲ. ತನಗೆ ಒಗ್ಗುವ ಕೆಲವನ್ನೇ ಆರಿಸಿಕೊಳ್ಳುತ್ತದೆ. ಆದ್ದರಿಂದ ಒಂದು ಕೆರೆಯಲ್ಲಿರುವ ಬಸವನಹುಳು ಯಾವುದೆಂದು ತಿಳಿಯದೆ ಅಲ್ಲಿ ಯಾವ ರೋಗ ಬರಬಹುದೆಂದು ಹೇಳಲಾಗದು. ಮೊದಲ ಮಹಾಯುದ್ಧದ ನಂತರ, ಈಜಿಪ್ಟ್ ಮತ್ತು ಮೆಸೊಪೊಟೇಮಿಯಾಗಳಿಂದ ಬಿಲ್‌ಹಾರ್ಜಿಯಾ ರೋಗ ಹೊತ್ತು ಮರಳಿದ ಸೈನಿಕರಿಂದ ಭಾರತಕ್ಕೆ ಅಪಾಯವಿದೆಯೇ ಎಂಬ ಪ್ರಶ್ನೆ ಎದ್ದಾಗ ನಮ್ಮ ದೇಶದ ಬಸವನಹುಳುಗಳನ್ನು ಕೂಲಂಕಷವಾಗಿ ಪರಿಶೀಲಿಸಬೇಕಾಯಿತು. ಸೀಮೋರ್ ಸ್ಯೂಯೆಲ್ ಎಂಬ ವೈದ್ಯ 1922ರಲ್ಲಿ, ಭಾರತದ ಬಸವನಹುಳುಗಳಿಂದ ಹೊರಬರುವ ಫ್ಲೂಕ್ ಮರಿಗಳ ಬಗ್ಗೆ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು.

ನನ್ನ ಉತ್ತರವನ್ನು ಸುಳ್ಳಾಗಿಸಿದ ಹುಳು ನಮ್ಮ ದೇಶದ್ದೇ ಎಂಬುದು ಸೋಜಿಗ. 1774ರಲ್ಲಿ ಡೆನ್ಮಾರ್ಕಿನ ಓಟೋ ಫ್ರೀಡ್ರಿಕ್ ಮ್ಯೂಲರ್, ಕೋರಮಂಡಲ ತೀರದಿಂದ ಬಂದ ಚಿಪ್ಪನ್ನು ಕಂಡು ಅದಕ್ಕೆ ನೆರೀಟಾ ಟ್ಯೂಬರ್ಕ್ಯುಲೇಟಾ ಎಂದು ಹೆಸರಿಟ್ಟರು. ಮುಂದೆ ಅದೇ ಹುಳು ಮೆಲೇನಿಯಾ ಆಯಿತು, ಥಿಯಾರಾ ಆಯಿತು. ಈಗ ಮೆಲನಾಯ್ಡಿಸ್ ಟ್ಯೂಬರ್ಕ್ಯುಲೇಟಾ. ಹಳೆಯ ವೈದ್ಯಕೀಯ ಬರಹಗಳಲ್ಲಿ ಹಳೆಯ ಹೆಸರುಗಳೇ ಉಳಿದಿರುವುದರಿಂದ, ಒಂದೇ ಹೆಸರು ಹಿಡಿದು ಹುಡುಕುವವನಿಗೆ ಅರ್ಧ ಸಂಗತಿ ಕಾಣುವುದೇ ಇಲ್ಲ. ಇದು ನನ್ನ ತಪ್ಪಿಗೆ ನೆಪವಲ್ಲ. ನಾನು ಯಾವ ಹೆಸರನ್ನೂ ಹುಡುಕಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಸ್ಯಾನ್ ಡಿಯೇಗೋದ ಒಂದು ಕೆರೆಯಂಚಿನ ಕೆಸರಿನಲ್ಲಿ ಅದನ್ನು ಕಂಡೆ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ತುದಿ ಚೂಪು, ಕಂದು ಮೈಮೇಲೆ ಕೆಂಪು ಚುಕ್ಕೆಗಳು, ಬಾಯಿಗೆ ಸಣ್ಣ ಮುಚ್ಚಳ. ಹಾಸನದ ಬಳಿಯ ನಮ್ಮೂರ ಕೆರೆಯ ಕೋಡಿಯಲ್ಲಿ ಬಾಲ್ಯದಲ್ಲಿ ಹೆಕ್ಕುತ್ತಿದ್ದ ಚಿಪ್ಪುಗಳಿಗೂ ಇದಕ್ಕೂ ಒಂದು ಭೇದವೂ ಕಾಣಲಿಲ್ಲ. ಅಕ್ವೇರಿಯಂ ವ್ಯಾಪಾರದ ಮೂಲಕ ಈ ದೇಶಕ್ಕೆ ಬಂದ ಈ ಹುಳುಗಳಲ್ಲಿ ಹೆಚ್ಚಿನವು ಹೆಣ್ಣೇ. ಗಂಡಿನ ಹಂಗಿಲ್ಲದೆ, ಕತ್ತಿನೊಳಗಿನ ಚೀಲದಲ್ಲಿ ಮರಿಗಳನ್ನು ಬೆಳೆಸಿ ಹೊರಬಿಡುತ್ತವೆ. ಹೀಗಾಗಿ ಒಂದೇ ಒಂದು ಹುಳು ಬಂದರೂ ವಂಶ ಬೆಳೆಯುತ್ತದೆ.

ಲಾಸ್ ಏಂಜಲೀಸ್ ಕಡೆಯವರಿಗೆ ಪರಿಚಿತವಾಗಬೇಕಾದ ಇನ್ನೊಂದು ಹುಳುವಿದೆ. ಮಾಲಿಬು ವೆಂಕಟೇಶ್ವರ ದೇವಸ್ಥಾನವಿರುವ ಕಣಿವೆಯ ನೀರು ಮಾಲಿಬು ಕ್ರೀಕನ್ನು ಸೇರುತ್ತದೆ. ಆ ಜಲಾನಯನದಲ್ಲಿ ನ್ಯೂಜಿಲೆಂಡಿನ ಕೆಸರು ಬಸವನಹುಳು ಇರುವುದು 2006ರಲ್ಲಿ ಬೆಳಕಿಗೆ ಬಂತು. ಅದೂ ಕಂದು, ಚೂಪು, ಮುಚ್ಚಳವುಳ್ಳದ್ದು, ಗಂಡಿಲ್ಲದೆ ಮರಿಹಾಕುವಂಥದ್ದು. ಬೆಳೆದದ್ದು ಅಕ್ಕಿಕಾಳಿನಷ್ಟಿರುವುದರಿಂದ ಮೆಲನಾಯ್ಡಿಸ್‌ನ ಮರಿಯೆಂದು ಭ್ರಮಿಸುವುದು ಸುಲಭ. ಆದರೆ ಅದರ ಹಾವಳಿ ತೊರೆಯ ಜೀವಿಗಳ ಮೇಲೆ. ಮೀನು ತಿನ್ನುವ ಮನುಷ್ಯನಿಗೆ ಅದರಿಂದ ಈ ಹುಳುಗಳ ಭಯವಿಲ್ಲ. ನೀರಿಗಿಳಿದ ಬೂಟನ್ನು ಉಜ್ಜಿ ತೊಳೆದು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಅದು ಸಾಯುತ್ತದೆ. ಫ್ರೀಜರಿನಲ್ಲಿ ಬೂಟು ಕಂಡಾಗ ನಮ್ಮ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯಲಾರೆ.

ಮೆಲನಾಯ್ಡಿಸ್ ಮಾತ್ರ ತನ್ನ ಹುಳುಗಳನ್ನು ಜೊತೆಗೇ ತಂದಿದೆ. ಸ್ಯಾನ್ ಡಿಯೇಗೋದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ರಯಾನ್ ಹೆಚಿಂಗರ್ ಮತ್ತು ಸಂಗಡಿಗರು ಸ್ಯಾನ್ ಡಿಯೇಗೋ ಕೌಂಟಿಯ 5 ಕಡೆಗಳಿಂದ, ಜನರು ಹಿಡಿದು ತಿನ್ನುವ ಜಾತಿಗಳ 84 ಮೀನುಗಳನ್ನು ಪರೀಕ್ಷಿಸಿ 2025ರಲ್ಲಿ ವರದಿ ಪ್ರಕಟಿಸಿದರು. ಶೇಕಡ 93ರಷ್ಟು ಮೀನುಗಳಲ್ಲಿ ಮನುಷ್ಯನಿಗೆ ತಗಲಬಲ್ಲ ಫ್ಲೂಕ್‌ಗಳಿದ್ದವು. ಮುಖ್ಯವಾದದ್ದು ಹ್ಯಾಪ್ಲಾರ್ಕಿಸ್ ಪ್ಯುಮಿಲಿಯೊ. ಬಸವನಹುಳುವಿನಿಂದ ಹೊರಟ ಮರಿ ಮೀನಿನ ಮೈಹೊಕ್ಕು ಕೋಶ ಕಟ್ಟಿಕೊಂಡು ಕಾಯುತ್ತದೆ. ಆ ಮೀನನ್ನು ಹಸಿಯಾಗಿ ತಿಂದ ಹಕ್ಕಿಯ ಅಥವಾ ಮನುಷ್ಯನ ಕರುಳಿನಲ್ಲಿ ಬಲಿತು ಮೊಟ್ಟೆಯಿಡುತ್ತದೆ. ಹೆಚ್ಚಿನವರಿಗೆ ಹೊಟ್ಟೆನೋವು, ಸುಸ್ತು, ತೂಕ ಇಳಿಯುವುದು, ಇಷ್ಟೇ; ಎಷ್ಟೋ ಮಂದಿಗೆ ಏನೂ ತಿಳಿಯುವುದಿಲ್ಲ. ಅಪರೂಪಕ್ಕೆ ಮೊಟ್ಟೆಗಳು ರಕ್ತದ ಮೂಲಕ ಹೃದಯ, ಮೆದುಳುಗಳನ್ನು ಸೇರಿ ಪ್ರಾಣಾಪಾಯ ತಂದದ್ದೂ ಉಂಟು. ಈ ರೋಗವನ್ನು ವರದಿ ಮಾಡಬೇಕೆಂಬ ಕಡ್ಡಾಯ ಇಲ್ಲಿನ ವೈದ್ಯರಿಗಿಲ್ಲ, ಹುಡುಕುವವರೂ ಕಡಿಮೆ. ಆದುದರಿಂದ ಕೆರೆಯ ಮೀನನ್ನು ಹಸಿಯಾಗಿ ತಿಂದಿದ್ದು ಹೊಟ್ಟೆಯ ತೊಂದರೆ ಬಹುಕಾಲ ಕಾಡುತ್ತಿದ್ದರೆ, ಅದನ್ನು ನಿಮ್ಮ ವೈದ್ಯರಿಗೆ ನೀವೇ ಹೇಳಬೇಕು. ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆಯಿದೆ.

ನಿಂಬೆರಸವನ್ನು ನಂಬಬೇಡಿ. ಮೀನಿನ ಒಳಭಾಗ 145 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವಂತೆ ಬೇಯಬೇಕು. ಹಸಿಯಾಗಿಯೇ ತಿನ್ನುವುದಾದರೆ ಮೊದಲು ಮೈನಸ್ 4 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 7 ದಿನ ಘನೀಕರಿಸಿರಬೇಕು. ಮನೆಯ ಫ್ರೀಜರು ಎಲ್ಲವೂ ಅಷ್ಟು ತಣ್ಣಗಿರುವುದಿಲ್ಲ. ಮನೆಯ ಅಕ್ವೇರಿಯಂ ನೀರನ್ನು ಕೆರೆತೊರೆಗಳಿಗೆ ಸುರಿಯಬೇಡಿ.

ವರದಿ ಓದಿದ ಸಂಜೆಯೇ ಆ ಹಿರಿಯರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಎರಡು ಸಲ ಸೆವಿಚೆ ಮಾಡಿದ್ದರಂತೆ, ಎರಡನೆಯ ಸಲ ಮೊಮ್ಮಗನೂ ತಿಂದಿದ್ದನಂತೆ. ಆ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಇಬ್ಬರ ಮಲಪರೀಕ್ಷೆಯೂ ನಡೆಯಿತು, ಮೊಟ್ಟೆಗಳು ಕಾಣಲಿಲ್ಲ. ಫಲಿತಾಂಶ ಬಂದ ದಿನ ಅವರೇ ಕರೆಮಾಡಿ, “ಡಾಕ್ಟ್ರೇ, ಇನ್ನು ರವಾ ಫ್ರೈ ಮಾಡಬಹುದಲ್ಲ?” ಎಂದರು. “ಧಾರಾಳವಾಗಿ ಮಾಡಿ ಸಾರ್, ಚೆನ್ನಾಗಿ ಬೇಯಲಿ” ಎಂದೆ.