ಕ್ಯಾನ್ಸಾಸ್ ಬಯಲಿನ ಬಿಯರ್ ಹುಲ್ಲು

ಅಮೆರಿಕದ ನಟ್ಟನಡುವೆ ಇರುವ ಕ್ಯಾನ್ಸಾಸ್ ರಾಜ್ಯವು ಗೋಧಿಯ ಕಣಜ. ಅಲ್ಲಿ ಕಣ್ಣು ಹಾಯುವಷ್ಟು ದೂರವೂ ಬಯಲು, ಬಯಲಿನ ಮೇಲೆ ಎಡೆಬಿಡದೆ ಬೀಸುವ ಗಾಳಿ. ಈ ಗಾಳಿಯೇ ಒಮ್ಮೆ ಆ ನಾಡಿಗೆ ಹಗೆಯಾಯಿತು. ಹುಲ್ಲಿನ ಬೇರುಗಳು ಬಿಗಿಹಿಡಿದಿದ್ದ ನೆಲವನ್ನು ಉತ್ತು ಗೋಧಿ ಬಿತ್ತಿದ ಮೇಲೆ, 1930ರ ದಶಕದಲ್ಲಿ ಬರಗಾಲ ಬಂದಿತು. ಆಸರೆ ತಪ್ಪಿದ ಮಣ್ಣು ಧೂಳಾಗಿ ಮುಗಿಲಿಗೇರಿತು. 1935ರ ಏಪ್ರಿಲ್ 14ರಂದು ಹಗಲೇ ಇರುಳಾಯಿತು. ಆ ದಿನಕ್ಕೆ 'ಕಪ್ಪು ಭಾನುವಾರ'ವೆಂದೇ ಹೆಸರು.

ಈ ರಾಜ್ಯದ ಸಲೈನಾ ಪಟ್ಟಣದ ಬಳಿ 'ಲ್ಯಾಂಡ್ ಇನ್‌ಸ್ಟಿಟ್ಯೂಟ್' ಎಂಬ ಸಂಶೋಧನಾಲಯವುಂಟು. ವೆಸ್ ಜಾಕ್ಸನ್ ಮತ್ತು ಡಾನಾ ಜಾಕ್ಸನ್ ದಂಪತಿಗಳು ಇದನ್ನು 1976ರಲ್ಲಿ ಸ್ಥಾಪಿಸಿದರು. ವರ್ಷವರ್ಷವೂ ನೆಲವನ್ನು ಉಳದೆ, ಒಮ್ಮೆ ಬಿತ್ತಿ ಹಲವು ವರ್ಷ ಕಾಳು ಕೊಯ್ಯುವಂಥ ಪೈರೊಂದು ದೊರೆತರೆ ಮಣ್ಣು ಉಳಿದೀತೆಂಬುದು ಇಲ್ಲಿಯವರ ಹಂಬಲ.

ಅದಕ್ಕೆ ಒದಗಿಬಂದುದು ಒಂದು ಪರದೇಶದ ಕಾಡುಹುಲ್ಲು. ಯೂರೋಪು, ಪಶ್ಚಿಮ ಏಷ್ಯಾಗಳ ಈ ಗೋಧಿಹುಲ್ಲನ್ನು ಅಮೆರಿಕನರು ದನಗಳ ಮೇವಿಗೆಂದು ತರಿಸಿಕೊಂಡಿದ್ದರು. ನಮ್ಮ ಗರಿಕೆಯಂತೆ ನೆಲದೊಳಗೆ ಕಾಂಡ ಚಾಚಿ ಹಬ್ಬುವ ಜಾತಿ. ನೆಲೆಯೂರಿದಲ್ಲಿ ನೆರೆಯ ಸಸ್ಯಗಳನ್ನು ಹತ್ತಿಕ್ಕಬಲ್ಲದು. ಬೇರಂತೂ ಹತ್ತು ಅಡಿಯವರೆಗೆ ಇಳಿಯುವುದು. ಪೆನ್ಸಿಲ್ವೇನಿಯಾದ ರೊಡೇಲ್ ಸಂಸ್ಥೆಯವರು 1980ರ ದಶಕದಲ್ಲಿ ಆರಿಸಿದ ತಳಿಗಳನ್ನು ಸಲೈನಾದ ವಿಜ್ಞಾನಿಗಳು 2003ರಿಂದ ಇನ್ನಷ್ಟು ತಿದ್ದಿ, 'ಕರ್ನ್‌ಜಾ' ಎಂದು ಹೆಸರಿಟ್ಟರು.

ಆದರೆ ಕಾಳು ಗೋಧಿಯ ಐದನೆಯ ಒಂದು ಪಾಲಿನಷ್ಟೇ ಗಾತ್ರದ್ದು. ಅದರ ಹಿಟ್ಟಿನಲ್ಲಿ ಗೋಧಿಯ ಜಿಗುಟಿಲ್ಲ. ಅದೊಂದರಿಂದಲೇ ರೊಟ್ಟಿ ಸುಟ್ಟರೆ ಚೆನ್ನಾಗಿ ಉಬ್ಬದು. ಇಳುವರಿಯೂ ಬಲು ಕಡಿಮೆ. ಕೊಳ್ಳುವವರಿಲ್ಲದ ಪೈರನ್ನು ಯಾವ ರೈತ ತಾನೇ ಬೆಳೆದಾನು?

ಇಲ್ಲಿ ಬಿಯರ್ ನೆರವಿಗೆ ಬಂದಿತು. ಬಿಯರಿಗೆ ಹಿಟ್ಟು ಉಬ್ಬಬೇಕಾಗಿಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೊಡನೆ ಈ ಕಾಳನ್ನು ಬಿಸಿನೀರಿನಲ್ಲಿ ನೆನೆಹಾಕಿದರೆ, ಬಾರ್ಲಿಯ ಸತ್ತ್ವವೇ ಎರಡರ ಪಿಷ್ಟವನ್ನೂ ಸಕ್ಕರೆಯಾಗಿಸುತ್ತದೆ. ಸೋಸಿದ ರಸವನ್ನು ಹಾಪ್ಸ್ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಹುದುಗಿ ಬಿಯರ್ ಆಗುವುದು. 2016ರಲ್ಲಿ ಪೋರ್ಟ್‌ಲೆಂಡ್ ನಗರದ ಹಾಪ್‌ವರ್ಕ್ಸ್ ಭಟ್ಟಿಯಲ್ಲಿ ತಯಾರಾಗಿ ಮಾರಾಟಕ್ಕೆ ಬಂದ 'ಲಾಂಗ್ ರೂಟ್', ಎಂದರೆ 'ನೀಳಬೇರು' ಎಂಬ ಬಿಯರಿನ ಧಾನ್ಯದಲ್ಲಿ ಶೇಕಡ 15 ಪಾಲು ಕರ್ನ್‌ಜಾ.

ಕುಡಿತದ ಗುಣದೋಷಗಳ ಮಾತು ಬೇರೆ. ಬಿಯರೊಂದರ ಹೆಸರಿನಲ್ಲಿ ಬೇರನ್ನು ನೆನೆಯುವಂತಾದುದು ಸಣ್ಣ ಸಂಗತಿಯಲ್ಲ. ಕಾಳು ದಪ್ಪವಾಗಿ ಗೋಧಿಗೆ ಸಾಟಿಯಾಗಲು ಇನ್ನೂ ಬಹುಕಾಲ ಬೇಕು. ಅಲ್ಲಿಯವರೆಗೆ ರೈತನ ಕೈಗೆ ನಾಲ್ಕು ಕಾಸು ಸೇರಿದರೆ ಮಾತ್ರ ಆ ಬೇರು ಮಣ್ಣಿನಲ್ಲಿ ಉಳಿದೀತು.