ಬಯಲುಸೀಮೆಗೊಂದು ಕಡಲೂರು – ಮಾರಿಕಣಿವೆ!

ಚಿತ್ರದುರ್ಗ ಅಂದರೆ ಸಾಕು, ನಮ್ಮ ಚಿತ್ರರಸಿಕರ ಕಣ್ಣೆದುರು ಬಂದು ನಿಲ್ಲೋದು ‘ನಾಗರಹಾವು’! 1972ರಲ್ಲಿ ಪುಟ್ಟಣ್ಣ ಕಣಗಾಲ್ ಆ ಕೋಟೆಯಲ್ಲಿ ಕ್ಯಾಮೆರಾ ಇಟ್ಟ ಮೇಲೆ, ರಾಮಾಚಾರಿ ಓಡಾಡಿದ ಬಂಡೆ ನೋಡದೆ ದುರ್ಗದಿಂದ ವಾಪಸಾದ ಹುಡುಗ ಯಾರಿದ್ದಾನೆ? ಸರಿ, ಬಂಡೆ ಹತ್ತಿದಿರಿ, ವಿಷ್ಣುವರ್ಧನ್ ಥರ ನಿಂತು ಫೋಟೋ ತೆಗೆಸಿಕೊಂಡಿರಿ. ಆಮೇಲೆ? ಬೆಂಗಳೂರು ಬಸ್ಸು! ಆ ಬಸ್ಸು ಹಿರಿಯೂರಿನಲ್ಲಿ ನಿಂತಾಗ ಇಳಿದುಬಿಡಿ ಸ್ವಾಮಿ. ಅಲ್ಲಿಂದ ಹೊಸದುರ್ಗದ ಕಡೆ ಸುಮಾರು 20 ಕಿಲೋಮೀಟರ್ ಹೋದರೆ, ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಒಂದು ಕಡಲೂರು ಸಿಗುತ್ತೆ.

ಕಾಗದದಲ್ಲಿ ಈ ಊರು ವಾಣಿವಿಲಾಸಪುರ. ಜನರ ಬಾಯಲ್ಲಿ ಮಾತ್ರ ಮಾರಿಕಣಿವೆ. ಎರಡು ಗುಡ್ಡ, ನಡುವೆ ವೇದಾವತಿ ಹೊಳೆ, ಕಾವಲಿಗೆ ಕಣಿವೆ ಮಾರಮ್ಮ. ಆ ಕಿರಿದಾದ ಕಣಿವೆಗೆ ಕಲ್ಲಿನ ಬಾಗಿಲು ಹಾಕುವ ಕೆಲಸ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1898ರಲ್ಲಿ ಶುರುವಾಯಿತು. ಅವರು 1901ರಲ್ಲಿ ತೀರಿಕೊಂಡರು. ಕಟ್ಟೆ ಮುಗಿದದ್ದು 1907ರಲ್ಲಿ. ಕನ್ನಂಬಾಡಿ ಕೆಲಸ ಆರಂಭವಾಗಿದ್ದೇ 1911ರಲ್ಲಿ ಅಂದರೆ, ನಮ್ಮ ಮಾರಿಕಣಿವೆ ಅದಕ್ಕಿಂತ ಹಿರಿಯಕ್ಕ! ಎಳೆಯ ಮಹಾರಾಜರ ಪರವಾಗಿ ರಾಜ್ಯ ನೋಡಿಕೊಂಡ ಅವರ ತಾಯಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಜಲಾಶಯಕ್ಕಿಟ್ಟರು.

ಈ ಊರಿನ ಗಡಿಯಾರ ಅಂದರೆ ನೀರಿನ ಮಟ್ಟ. ಚಹಾದಂಗಡಿಯಲ್ಲಿ ಯಾರೂ ಟೈಮ್ ಕೇಳೋದಿಲ್ಲ. “ಎಷ್ಟಡಿ ಐತಣ್ಣಾ?” ಅಂತ ಕೇಳ್ತಾರೆ. ಲೆಕ್ಕವೆಲ್ಲ 130 ಅಡಿಯದು. ಅಷ್ಟು ತುಂಬಿದರೆ ನೀರು ಪಕ್ಕದ ಕೋಡಿ ಹತ್ತಿ ತಾನಾಗಿ ಹರಿಯಬೇಕು. ಕಟ್ಟೆಯ ಮೇಲೆ ಗೇಟು ಎತ್ತುವ ಆಟವಿಲ್ಲ.

ಅದು ಹರಿದದ್ದು ಎಷ್ಟು ಸಲ ಗೊತ್ತೇ? ಮೊದಲ ಸಲ 1933ರಲ್ಲಿ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ತೆರೆಗೆ ಬಂದದ್ದು 1934ರಲ್ಲಿ, ಅದಕ್ಕೂ ಒಂದು ವರ್ಷ ಮುಂಚೆ! ಆಮೇಲೆ ಅಣ್ಣಾವ್ರು ‘ಬೇಡರ ಕಣ್ಣಪ್ಪ’ ಮಾಡಿದರು, ಪುಟ್ಟಣ್ಣ ಬಂದರು, ಹೋದರು. ಕಪ್ಪು ಬಿಳುಪು ಕಲರ್ ಆಯಿತು, ಟೂರಿಂಗ್ ಟಾಕೀಸಿನ ಡೇರೆ ಮಡಚಿದರು. ಕೋಡಿ ಮಾತ್ರ ಒಣಗಿಯೇ ಇತ್ತು. ಅಜ್ಜ ಮೊಮ್ಮಗನಿಗೆ ಹೇಳಿದ, ಆ ಮೊಮ್ಮಗ ತಾನೂ ಅಜ್ಜನಾದ. ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಮಳೆ ಸುರಿದರೆ ಮಾತ್ರ ಇಲ್ಲಿಗೆ ನೀರು. ದಾರಿಯುದ್ದಕ್ಕೂ ಕೆರೆಕಟ್ಟೆಗಳು ಕುಡಿದು ಬಿಟ್ಟದ್ದು ನಮ್ಮ ಪಾಲು. 2017ರ ಹೊತ್ತಿಗಂತೂ ನೀರು ತಳ ಸೇರಿತ್ತು. ಹಿರಿಯೂರು ಸೀಮೆಯಲ್ಲಿ ತೆಂಗಿನ ಮರಗಳು ಸುಳಿ ಒಣಗಿ ಬೋಳು ಕಂಬಗಳಾಗಿ ನಿಂತವು. ಆ ತೋಟಗಳ ನೋಟಕ್ಕೆ ಯಾವ ಹಿನ್ನೆಲೆ ಸಂಗೀತವೂ ಬೇಕಿರಲಿಲ್ಲ.

2019ರಲ್ಲಿ ಭದ್ರೆಯ ನೀರು ಬರತೊಡಗಿತು. 2022ರ ಸೆಪ್ಟೆಂಬರಿನಲ್ಲಿ, ಜೋರು ಮಳೆಯಲ್ಲಿ, ಕೋಡಿ ಬಿತ್ತು! 89 ವರ್ಷದ ಮೇಲೆ ಎರಡನೇ ಆಟ! ಟ್ರ್ಯಾಕ್ಟರು, ಬೈಕು, ಬಸ್ಸು, ಏನು ಜನ, ಏನು ಜಾತ್ರೆ! ಮೊದಲ ದಿನ ಮೊದಲ ಆಟಕ್ಕೆ ನಾವು ನುಗ್ಗುವುದು ಇದರ ಮುಂದೆ ಏನೂ ಅಲ್ಲ ಕಣ್ರೀ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ರಾಮಾಚಾರಿ, ಜಲೀಲ… ನಮ್ಮ ದುರ್ಗದ ಹೀರೋಗಳಿಬ್ಬರೂ ಅಷ್ಟರಲ್ಲಿ ಹೊರಟುಹೋಗಿದ್ದರು.

ಕಟ್ಟೆಯ ಮೇಲಿನ ಮಂಟಪದಲ್ಲಿ ನಿಂತು ನೋಡಿ, ಗಾಳಿ ಥೇಟ್ ಕಡಲಿನದು. ಗುಡ್ಡ ಹತ್ತಿದರೆ ಹಿನ್ನೀರು ಭಾರತದ ನಕ್ಷೆಯಂತೆ ಕಾಣುತ್ತೆ ಅಂತ ಎಲ್ಲರೂ ತೋರಿಸುತ್ತಾರೆ. ನನಗೂ ಕಂಡಿತು, ಸ್ವಲ್ಪ ಕಣ್ಣು ಕಿರಿದು ಮಾಡಿದ ಮೇಲೆ!

ಆದರೆ ಆ ನಕ್ಷೆ ತುಂಬಿದಷ್ಟೂ ಹಿಂದೆ ಹೊಸದುರ್ಗ ತಾಲ್ಲೂಕಿನ ಹೊಲ, ತೋಟ, ರಸ್ತೆಗೆ ನೀರು ನುಗ್ಗುತ್ತೆ. ಕೆಳಗೆ ಹಿರಿಯೂರಿನ ಅಚ್ಚುಕಟ್ಟು ಸುಮಾರು 12 ಸಾವಿರ ಹೆಕ್ಟೇರ್. ಹಿರಿಯೂರು, ಚಿತ್ರದುರ್ಗದ ಕುಡಿಯುವ ನೀರೂ ಇಲ್ಲಿಂದಲೇ. ಅಲ್ಲಿನವರು ಬಾಗಿನ ಬಿಡುವಾಗ ಮೇಲಿನವರು “ಕೋಡಿ ತಗ್ಗಿಸಿ” ಅಂತ ಕೂಗುತ್ತಾರೆ. ಒಂದೇ ನೀರು, ಒಂದೇ ಜಿಲ್ಲೆ! ನನ್ನ ಕೇಳಿದರೆ, ಬಾಗಿನ ಬಿಡಲು ಬರುವ ದೊಡ್ಡವರು ಮುಳುಗಿದ ತೋಟಗಳ ಕಡೆಗೂ ಒಂದು ಸುತ್ತು ಕಾರು ತಿರುಗಿಸಬೇಕು. ರಸ್ತೆ ಮುಳುಗಿದ್ದರೆ ದೋಣಿಯಲ್ಲಾದರೂ ಹೋಗಲಿ.