ಅಕ್ಷತೆ ಮತ್ತು ಗ್ರಾಫಿಕ್ಸ್ ಕಾರ್ಡು

ವಿಡಿಯೊ ಸಂಕಲನ ತಂತ್ರಾಂಶಗಳ ಮೂರೂವರೆ ದಶಕಗಳ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿಯೆಂದರೆ, ಒಂದೇ ಕೆಲಸವು ಕಂಪ್ಯೂಟರಿನ ಎರಡು ಭಾಗಗಳ ನಡುವೆ ಸರ್ಕಾರಿ ನೌಕರನ ಹಾಗೆ ಮತ್ತೆ ಮತ್ತೆ ವರ್ಗವಾಗುತ್ತ ಬಂದಿರುವುದು. ಅವುಗಳಲ್ಲಿ ಒಂದು ಪ್ರೊಸೆಸರ್. ಇದರಲ್ಲಿರುವ ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಎಣಿಕೆಗೆ ಕೆಲವೇ ಆದರೂ ಒಂದೊಂದೂ ಬಲಶಾಲಿಯಾಗಿದ್ದು, ಹಿಂದಿನ ಹೆಜ್ಜೆ ಮುಗಿದ ಮೇಲಷ್ಟೇ ಮುಂದಿನ ಹೆಜ್ಜೆ ಇಡಬೇಕಾದ ಕೆಲಸಗಳನ್ನು ಸಲೀಸಾಗಿ ನಡೆಸಿಕೊಡುತ್ತವೆ. ಇನ್ನೊಂದು ಗ್ರಾಫಿಕ್ಸ್ ಕಾರ್ಡು. ಇದರ ಕೋರ್‌ಗಳು ಬಿಡಿಯಾಗಿ ದುರ್ಬಲವಾದರೂ ನೂರಾರು, ಸಾವಿರಾರು ಸಂಖ್ಯೆಯಲ್ಲಿರುವುದರಿಂದ, ಒಂದೇ ಬಗೆಯ ಸಣ್ಣ ಲೆಕ್ಕವನ್ನು ಚಿತ್ರದ ಅಸಂಖ್ಯ ಬಿಂದುಗಳ ಮೇಲೆ ಏಕಕಾಲಕ್ಕೆ ಮಾಡಿ ಮುಗಿಸುತ್ತವೆ. ಅಮೆರಿಕದ ಅವಿಡ್ ಸಂಸ್ಥೆ 1989ರಲ್ಲಿ ಮ್ಯಾಕಿಂಟಾಶ್ ಕಂಪ್ಯೂಟರಿಗಾಗಿ ಮೀಡಿಯಾ ಕಂಪೋಸರ್ ಎಂಬ ಸಂಕಲನ ವ್ಯವಸ್ಥೆಯನ್ನು ಹೊರತಂದಾಗ, ಚಲಿಸುವ ಚಿತ್ರವನ್ನು ಕುಗ್ಗಿಸಿ ಮತ್ತೆ ಬಿಡಿಸುವ ತ್ರಾಣ ಆ ಕಾಲದ ಪ್ರೊಸೆಸರಿಗೆ ಇರಲಿಲ್ಲವಾದ್ದರಿಂದ, ಅದಕ್ಕೆಂದೇ ಬೇರೆ ಕಾರ್ಡುಗಳನ್ನು ಕೂಡಿಸಬೇಕಾಯಿತು. ಹಾಗೆ ನೋಡಿದರೆ ಈ ಕಸುಬಿನಲ್ಲಿ ಮೊದಲು ದುಡಿದದ್ದು ಕಾರ್ಡೇ. ಪ್ರೊಸೆಸರ್ ಆಮೇಲೆ ಬಂದು ಕುರ್ಚಿ ಹಿಡಿಯಿತು.

ಆ ಕುರ್ಚಿ ಪ್ರೊಸೆಸರಿಗೆ ಸಿಕ್ಕಿದ್ದು 1995ರಲ್ಲಿ ಬಳಕೆಗೆ ಬಂದ ಡಿವಿ ಎಂಬ ಡಿಜಿಟಲ್ ಟೇಪಿನ ಪದ್ಧತಿಯಿಂದ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಯಲ್ಲಿ ಒಂದು ಫ್ರೇಮಿಗೆ 720 ಅಡ್ಡ ಮತ್ತು 576 ಉದ್ದದ ಬಿಂದುಗಳು, ಸೆಕೆಂಡಿಗೆ 25 ಫ್ರೇಮುಗಳು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಫ್ರೇಮನ್ನೂ ಅಕ್ಕಪಕ್ಕದ ಫ್ರೇಮಿನ ಹಂಗಿಲ್ಲದೆ ಸ್ವತಂತ್ರವಾಗಿ ಕುಗ್ಗಿಸಲಾಗುತ್ತಿತ್ತು. ಎಲ್ಲಿ ಬೇಕಾದರೂ ಕತ್ತರಿಸಬಹುದಾದ, ಯಾವ ಫ್ರೇಮಿಗೆ ಬೇಕಾದರೂ ನೇರವಾಗಿ ಜಿಗಿಯಬಹುದಾದ ಈ ಸರಳತೆಯಿಂದಾಗಿ ಸಾಧಾರಣ ಪ್ರೊಸೆಸರೂ ಸಂಕಲನಕ್ಕೆ ಒದಗತೊಡಗಿತು. ಪ್ರಸ್ತುತ ಲೇಖಕನ ಯೌವನದ ಒಂದಷ್ಟು ಭಾಗ ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಮದುವೆ ಸ್ಟುಡಿಯೊದಲ್ಲಿ ಕಳೆದದ್ದು ಈ ಕಾಲದಲ್ಲೇ. ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು, ಅಂದರೆ ಅಲ್ಲಿನವರ ಮಾತಿನಲ್ಲಿ ಕ್ಯಾಪ್ಚರ್ ಮಾಡಲು, ಸರಿಯಾಗಿ ಒಂದು ಗಂಟೆ ಹಿಡಿಯುತ್ತಿತ್ತು ಮತ್ತು ಸುಮಾರು 13 ಜಿಬಿ ಜಾಗ ಬೇಕಾಗುತ್ತಿತ್ತು; 80 ಜಿಬಿಯ ಹಾರ್ಡ್‌ಡಿಸ್ಕಿಗೆ ಆರನೆಯ ಕ್ಯಾಸೆಟ್ಟಿನ ಹೊತ್ತಿಗೆ ಉಸಿರು ಕಟ್ಟುತ್ತಿತ್ತು. ಅಲ್ಲಿದ್ದ ತಂತ್ರಾಂಶ, ಕರ್ನಾಟಕದ ಎಷ್ಟೋ ಮದುವೆ ಸ್ಟುಡಿಯೊಗಳಲ್ಲಿ ಇದ್ದಂತೆ, ಜಪಾನಿನ ಕ್ಯಾನೋಪಸ್ ಕಂಪನಿ ರೂಪಿಸಿ ಮುಂದೆ ಗ್ರಾಸ್ ವ್ಯಾಲಿಯ ಪಾಲಾದ ಎಡಿಯಸ್. ಗ್ರಾಫಿಕ್ಸ್ ಕಾರ್ಡನ್ನು ಅಷ್ಟಾಗಿ ನೆಚ್ಚಿಕೊಳ್ಳದೆ ಪ್ರೊಸೆಸರಿನಿಂದಲೇ ಹೆಚ್ಚಿನ ಕೆಲಸ ತೆಗೆಯುವುದು ಅದರ ಜಾಯಮಾನ. ಹೃದಯಾಕಾರದ ಕಿಟಕಿಯೊಳಗಿಂದ ವಧೂವರರು ಇಣುಕುವ, ಗುಲಾಬಿ ದಳಗಳು ಉದುರುವ ಅಲಂಕಾರಗಳನ್ನು ಅದು ಹೆಚ್ಚಾಗಿ ಹೀಗೆ ಹೆಣೆಯುತ್ತಿದ್ದುದರಿಂದ, ಕಾರ್ಡು ಯಾವುದೆಂದು ಕೇಳುವ ಗೋಜಿಗೆ ಸ್ಟುಡಿಯೊದಲ್ಲಿ ಯಾರೂ ಹೋಗುತ್ತಿರಲಿಲ್ಲ. ಸಂಜೆ ರೆಂಡರ್‌ಗೆ ಹಾಕಿ, ಅಂದರೆ ಕತ್ತರಿಸಿ ಜೋಡಿಸಿದ್ದನ್ನೆಲ್ಲ ಒಂದೇ ಕಡತವಾಗಿ ಲೆಕ್ಕ ಹಾಕಿ ಹೊರಗೆಡಹಲು ಯಂತ್ರಕ್ಕೆ ಒಪ್ಪಿಸಿ, ಬಾಗಿಲು ಹಾಕಿಕೊಂಡು ಮನೆಗೆ ಹೋಗುವುದು ವಾಡಿಕೆಯಾಗಿತ್ತು. ಮಳೆಗಾಲದಲ್ಲಿ ಕರೆಂಟು ಹೋಗಿ ಯುಪಿಎಸ್ ಕೂಗಿಕೊಂಡರೆ ಪಕ್ಕದ ಮನೆಯವರು ಫೋನು ಮಾಡುತ್ತಿದ್ದರು.

ಈ ಸುಖಕ್ಕೆ ಕುತ್ತು ತಂದದ್ದು ಎಚ್.264 ಎಂಬ ಕುಗ್ಗಿಸುವ ಪದ್ಧತಿ. 2003ರಲ್ಲಿ ಮಾನಕವಾದ ಇದನ್ನು ಆಧರಿಸಿ ಸೋನಿ ಮತ್ತು ಪ್ಯಾನಸೋನಿಕ್ ಕಂಪನಿಗಳು 2006ರಲ್ಲಿ ಎವಿಸಿಎಚ್‌ಡಿ ಎಂಬ ಕ್ಯಾಮೆರಾ ಮಾದರಿಯನ್ನು ಪ್ರಕಟಿಸಿದವು. ಪೂರ್ಣ ಎಚ್‌ಡಿ ಫ್ರೇಮಿನಲ್ಲಿ 20,73,600 ಬಿಂದುಗಳಿರುತ್ತವೆ. ಇದು ಡಿವಿ ಫ್ರೇಮಿನ 4,14,720ಕ್ಕೆ ಸರಿಯಾಗಿ ಐದು ಪಟ್ಟು. ಆದರೆ ಡಿವಿ ಸೆಕೆಂಡಿಗೆ 25 ಮೆಗಾಬಿಟ್ ಬಳಸುತ್ತಿದ್ದರೆ, ಐದು ಪಟ್ಟು ಹಿರಿದಾದ ಹೊಸ ಚಿತ್ರವು ಆರಂಭದ ಎವಿಸಿಎಚ್‌ಡಿಯಲ್ಲಿ ಹೆಚ್ಚೆಂದರೆ 24 ಮೆಗಾಬಿಟ್‌ನಲ್ಲಿ ಅಡಗುತ್ತಿತ್ತು. ಈ ಉಳಿತಾಯದ ಗುಟ್ಟು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ್ದು: ಆಗೊಮ್ಮೆ ಈಗೊಮ್ಮೆ ಪೂರ್ತಿ ಬಾಕಿಯನ್ನು ಬರೆದಿಟ್ಟು, ನಡುವಿನ ದಿನಗಳಲ್ಲಿ ಅಂದಂದಿನ ಬದಲಾವಣೆಯನ್ನು ಮಾತ್ರ ಗುರುತು ಹಾಕಿಕೊಳ್ಳುವುದು. ಕೆಲವು ಫ್ರೇಮುಗಳು ಮಾತ್ರ ಇಡಿಯಾಗಿ ಇರುತ್ತವೆ, ಉಳಿದವು ಹಿಂದಿನ, ಕೆಲವೊಮ್ಮೆ ಮುಂದಿನ ಫ್ರೇಮಿಗಿಂತ ತಾವು ಹೇಗೆ ಬೇರೆ ಎಂಬುದನ್ನಷ್ಟೇ ಹೇಳುತ್ತವೆ. ನೋಡುವವನಿಗೆ ಇದರಿಂದ ತೊಂದರೆಯಿಲ್ಲ, ಸಂಕಲನಕಾರನಿಗೆ ಮಾತ್ರ ಪ್ರತಿ ಜಿಗಿತವೂ ದುಬಾರಿ. ಏಕೆಂದರೆ ನಡುವಿನ ಒಂದು ಫ್ರೇಮನ್ನು ತೋರಿಸಬೇಕಾದರೂ ಪ್ರೊಸೆಸರ್ ಹಿಂದಿನ ಇಡಿ ಫ್ರೇಮಿನವರೆಗೆ ಹೋಗಿ ಅಲ್ಲಿಂದ ಲೆಕ್ಕ ಕೂಡಿಸಿಕೊಂಡು ಬರಬೇಕು.

ಹಿಂದೂ ಮದುವೆಯ ಮುಹೂರ್ತದ ದೃಶ್ಯ ಈ ಪದ್ಧತಿಗೆ ಒಡ್ಡುವ ಪರೀಕ್ಷೆಯನ್ನು ಯಾವ ಪ್ರಯೋಗಾಲಯವೂ ಯೋಚಿಸಿರಲಾರದು. ಪುರೋಹಿತರ ಮಂತ್ರ, ಅಲುಗಾಡದ ಮಂಟಪ, ತಲೆ ತಗ್ಗಿಸಿ ಕುಳಿತ ವಧೂವರರು, ಇಷ್ಟು ಹೊತ್ತು ಕ್ಯಾಮೆರಾಗೆ ಬರೆದುಕೊಳ್ಳಲು ಬದಲಾವಣೆಯೇ ಇರುವುದಿಲ್ಲ. ತಾಳಿ ಕಟ್ಟುವ ಗಳಿಗೆಗೆ ಗಟ್ಟಿಮೇಳ ಮೊಳಗಿ ನೂರಾರು ಕೈಗಳು ಅಕ್ಷತೆ ಎರಚಿದೊಡನೆ ಸಾವಿರಾರು ಕಾಳುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಹಾರಿ, ಹಿಂದಿನ ಫ್ರೇಮನ್ನು ನೋಡಿ ಮುಂದಿನದನ್ನು ಊಹಿಸುವ ಇಡೀ ತರ್ಕ ಕುಸಿಯುತ್ತದೆ. ಇರುವ ಮೆಗಾಬಿಟ್‌ಗಳು ಸಾಲದೆ ಚಿತ್ರವು ಚೌಕಚೌಕವಾಗಿ ಒಡೆಯುವುದು, ಮನೆಮಂದಿ ಮತ್ತೆ ಮತ್ತೆ ನೋಡಬಯಸುವ ಆ ಒಂದು ಕ್ಷಣದಲ್ಲೇ.

ಕೆಲಸ ಕಾರ್ಡಿಗೆ ಮರಳಿ ವರ್ಗವಾದದ್ದು ಎವಿಸಿಎಚ್‌ಡಿ ಬಂದ ಈ ಅವಧಿಯಲ್ಲೇ. ಎನ್‌ವಿಡಿಯಾ ಕಂಪನಿ 1999ರಲ್ಲಿ ಜಿಫೋರ್ಸ್ 256 ಕಾರ್ಡಿನೊಂದಿಗೆ ಜಿಪಿಯು ಎಂಬ ಹೆಸರನ್ನು ಜನಪ್ರಿಯಗೊಳಿಸಿದಾಗ ಅದರ ಕಣ್ಣಿದ್ದದ್ದು ಆಟಗಳ ಮೇಲೆ. 2006ರಲ್ಲಿ ಪ್ರಕಟವಾದ ಕ್ಯೂಡಾ ಎಂಬ ವ್ಯವಸ್ಥೆಯಿಂದ ಆ ಕೋರ್‌ಗಳನ್ನು ಆಟವಲ್ಲದ ಲೆಕ್ಕಗಳಿಗೂ ಹೂಡುವುದು ಸಾಧ್ಯವಾಯಿತು. ಅಡೋಬಿ ಸಂಸ್ಥೆ 2010ರಲ್ಲಿ ತಂದ ಪ್ರೀಮಿಯರ್ ಪ್ರೊ ಸಿಎಸ್5ರಲ್ಲಿ ಬಣ್ಣ ತಿದ್ದುವ, ಗಾತ್ರ ಬದಲಿಸುವ, ಒಂದರ ಮೇಲೊಂದು ಚಿತ್ರ ಕೂಡಿಸುವ ಕೆಲಸಗಳು ಕ್ಯೂಡಾದ ಮೂಲಕ ಕಾರ್ಡಿಗೆ ಹೋದವು. ಆದರೆ ಅದು ಒಪ್ಪುತ್ತಿದ್ದದ್ದು ಎನ್‌ವಿಡಿಯಾದ ಜಿಟಿಎಕ್ಸ್ 285 ಮತ್ತು ದುಬಾರಿ ಕ್ವಾಡ್ರೊ ಸರಣಿಯ ಕೆಲವು ಕಾರ್ಡುಗಳನ್ನು ಮಾತ್ರ. ಅನುಮತಿ ಪಡೆದ ಕಾರ್ಡುಗಳ ಹೆಸರುಗಳು ತಂತ್ರಾಂಶದ ಫೋಲ್ಡರಿನೊಳಗೆ ಒಂದು ಸಾದಾ ಪಠ್ಯ ಕಡತದಲ್ಲಿ ಸಾಲಾಗಿ ಬರೆದಿರುತ್ತಿದ್ದವು. ಅದೇ ಫೋಲ್ಡರಿನ ಜಿಪಿಯು ಸ್ನಿಫರ್ ಎಂಬ ಪುಟ್ಟ ಪ್ರೋಗ್ರಾಮನ್ನು ಓಡಿಸಿದರೆ ಕಪ್ಪು ಕಿಟಕಿಯಲ್ಲಿ ಕಾರ್ಡಿನ ಹೆಸರು ಮೂಡುತ್ತಿತ್ತು, ಅದನ್ನು ಒಂದಕ್ಷರವೂ ತಪ್ಪದಂತೆ ನೋಟ್‌ಪ್ಯಾಡಿನಲ್ಲಿ ಆ ಪಟ್ಟಿಯ ಕೊನೆಗೆ ಸೇರಿಸಿ ಉಳಿಸಿದರೆ ಸಾಕು, ಬಡ ಕಾರ್ಡೂ ಸಿರಿವಂತರ ಪಂಕ್ತಿಯಲ್ಲಿ ಕೂರುತ್ತಿತ್ತು. ಪ್ರಸ್ತುತ ಲೇಖಕ ಆ ಹೊತ್ತಿಗೆ ಬೆಂಗಳೂರಿಗೆ ಬಂದಿದ್ದನಾಗಿ, ಗೆಳೆಯರ ಬಳಗದಲ್ಲಿ ಹೀಗೆ ಹೆಸರು ಸೇರಿಸಿಕೊಡುವ ಕಾಯಕದಿಂದ ಸಾಕಷ್ಟು ಫಿಲ್ಟರ್ ಕಾಫಿ ಸಂಪಾದಿಸಿದ.

ಇದರಿಂದ ಹುಟ್ಟಿದ ಒಂದು ನಂಬಿಕೆ, ಅಂದರೆ ದೊಡ್ಡ ಕಾರ್ಡು ಹಾಕಿದರೆ ಎಲ್ಲವೂ ವೇಗವಾಗುತ್ತದೆ ಎಂಬುದು, ಇನ್ನೂ ಹೋಗಿಲ್ಲ. 2017ರಿಂದೀಚೆಗೆ ವಿಂಡೋಸ್ 10ರ ಟಾಸ್ಕ್ ಮ್ಯಾನೇಜರಿನಲ್ಲಿ, ಅಂದರೆ ಯಾವ ಭಾಗ ಎಷ್ಟು ದುಡಿಯುತ್ತಿದೆಯೆಂದು ತೋರಿಸುವ ಕಿಟಕಿಯಲ್ಲಿ, ಕಾರ್ಡಿನ ಬಳಕೆಯೂ ಶೇಕಡಾ ಲೆಕ್ಕದ ನಕ್ಷೆಯಾಗಿ ಕಾಣತೊಡಗಿದ ಮೇಲಂತೂ, ರೆಂಡರ್ ಆಗುವಾಗ ಪ್ರೊಸೆಸರ್ 100 ಮುಟ್ಟಿ ಏದುಸಿರು ಬಿಡುತ್ತಿದ್ದರೆ ಕಾರ್ಡು 10, 15ರಲ್ಲಿ ಕಾಲು ಚಾಚಿ ಕುಳಿತಿರುವುದನ್ನು ಕಂಡು ಹಣ ಹಾಕಿದವರ ಹೊಟ್ಟೆ ಉರಿಯುತ್ತದೆ. ವಾಸ್ತವದಲ್ಲಿ ಕಡತವನ್ನು ಬಿಡಿಸುವುದು, ಬಣ್ಣ ಮತ್ತು ಅಲಂಕಾರ ಹಚ್ಚುವುದು, ಮತ್ತೆ ಕುಗ್ಗಿಸುವುದು ಎಂಬ ಮೂರು ಹಂತಗಳ ಸಾಲಿನಲ್ಲಿ ನಡುವಿನದು ಮಾತ್ರ ಆ ಸಾವಿರಾರು ಕೋರ್‌ಗಳದ್ದು. ತನ್ನ ಪಾಲನ್ನು ಚಿಟಿಕೆಯಲ್ಲಿ ಮುಗಿಸಿದ ಕಾರ್ಡು ಮುಂದಿನ ಫ್ರೇಮಿಗಾಗಿ ಕಾಯುತ್ತಿರುತ್ತದೆ. ಕಾಯುವುದನ್ನು ಸೋಮಾರಿತನವೆಂದು ಓದುವುದು ಆ ನಕ್ಷೆಯ ತಪ್ಪಲ್ಲ. ನಕ್ಷೆಯ ಶೀರ್ಷಿಕೆಯ ಪಕ್ಕದ ಸಣ್ಣ ಬಾಣವನ್ನು ಒತ್ತಿದರೆ ಬಿಡಿಸುವ ಮತ್ತು ಕುಗ್ಗಿಸುವ ಕೆಲಸಗಳಿಗೆ ಬೇರೆಯದೇ ಗೆರೆಗಳಿರುವುದೂ ಕಾಣುತ್ತದೆ.

ಆ ಬೇರೆ ಗೆರೆಗಳ ಹಿಂದಿರುವುದು ಕೋರ್‌ಗಳಲ್ಲ, ಎಚ್.264ರಂಥ ಪದ್ಧತಿಗಳಿಗಾಗಿಯೇ ಚಿಪ್ಪಿನ ಒಂದು ಮೂಲೆಯಲ್ಲಿ ಕೆತ್ತಿದ ಸ್ಥಿರ ವಿದ್ಯುನ್ಮಂಡಲಗಳು. ಪ್ರೊಸೆಸರ್ ತಯಾರಕ ಇಂಟೆಲ್ 2011ರಲ್ಲಿ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ಇದನ್ನು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗಕ್ಕೆ ಸೇರಿಸಿತು, ಮರುವರ್ಷ ಎನ್‌ವಿಡಿಯಾ ಕುಗ್ಗಿಸುವ ಮಂಡಲವನ್ನು ತನ್ನ ಕಾರ್ಡಿಗೆ ತಂದಿತು. ಹೀಗೆ ಪ್ರೊಸೆಸರಿನಲ್ಲಿ ಕಾರ್ಡಿನ ಗುಣ, ಕಾರ್ಡಿನಲ್ಲಿ ಪ್ರೊಸೆಸರಿನ ಕೆಲಸ ಬೆರೆತು ವರ್ಗಾವಣೆಯ ಲೆಕ್ಕವೇ ಗೋಜಲಾಯಿತು. ಈ ಮಂಡಲಗಳು ಚುರುಕು, ಆದರೆ ಅವಸರದವು. ಅಷ್ಟೇ ಮೆಗಾಬಿಟ್‌ಗಳಲ್ಲಿ ಪ್ರೊಸೆಸರ್ ನಿಧಾನವಾಗಿ ಯೋಚಿಸಿ ಕುಗ್ಗಿಸಿದರೆ ಅಕ್ಷತೆಯ ಕಾಳುಗಳು ಹೆಚ್ಚು ಉಳಿಯುತ್ತವೆ ಎಂಬುದರಿಂದ, ಮುಹೂರ್ತವಿರುವ ಭಾಗವನ್ನು ಹಳೆಯ ರೀತಿಯಲ್ಲಿ ರಾತ್ರಿಯಿಡೀ ರೆಂಡರ್‌ಗೆ ಹಾಕುವುದೇ ಲೇಸೆಂದು ಲೇಖಕನ ಅಭಿಮತ, ಇದನ್ನು ಇಂದಿನ ಹುಡುಗರು ಒಪ್ಪುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಕಟ್ಟಿಸಿಕೊಳ್ಳುವವರಿಗೆ ಈ ಗೋಜಲು ಒಂದೇ ಅಕ್ಷರದ ರೂಪದಲ್ಲಿ ಎದುರಾಗುತ್ತದೆ. ಇಂಟೆಲ್ 2019ರಿಂದ ಮಾರುತ್ತಿರುವ, ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರುಗಳು ಸ್ವಲ್ಪ ಅಗ್ಗ, ಏಕೆಂದರೆ ಅವುಗಳಲ್ಲಿ ಗ್ರಾಫಿಕ್ಸ್ ಭಾಗವಿಲ್ಲ. ಹೇಗಿದ್ದರೂ ಬೇರೆ ಕಾರ್ಡು ಹಾಕುತ್ತೇವಲ್ಲ ಎಂದು ಅದನ್ನು ಕೊಂಡವರು ಕ್ವಿಕ್ ಸಿಂಕನ್ನೂ ಬಿಟ್ಟುಕೊಟ್ಟಿರುತ್ತಾರೆ. ಮದುವೆ ಛಾಯಾಗ್ರಾಹಕರು ಈಗ ಬಳಸುವ ಎಷ್ಟೋ ಕ್ಯಾಮೆರಾಗಳು 10 ಬಿಟ್ 4:2:2 ಎಂಬ, ಬಣ್ಣದ ವಿವರ ಹೆಚ್ಚಿರುವ ಕಡತಗಳನ್ನು ಕೊಡುತ್ತವೆ. ಅವುಗಳಲ್ಲಿ ಎಚ್.264ರ ಉತ್ತರಾಧಿಕಾರಿಯಾದ ಎಚ್.265 ಪದ್ಧತಿಯವನ್ನು ಬಿಡಿಸುವ ಮಂಡಲ ಇಂಟೆಲ್‌ನ ಅಂತರ್ಗತ ಗ್ರಾಫಿಕ್ಸ್‌ನಲ್ಲಿ ಕೆಲವು ವರ್ಷಗಳಿಂದ ಇದ್ದರೆ, ಎನ್‌ವಿಡಿಯಾದ ಆಟದ ಕಾರ್ಡುಗಳಿಗೆ ಅದು ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕೆ ಮುಂಚಿನ ಕಾರ್ಡು ಎಷ್ಟೇ ಬೆಲೆಯದಾದರೂ ಆ ಕಡತದ ಮುಂದೆ ಸುಮ್ಮನಾಗಿ ಇಡೀ ಭಾರವನ್ನು ಪ್ರೊಸೆಸರಿನ ಹೆಗಲಿಗೆ ದಾಟಿಸುತ್ತದೆ, ಟೈಮ್‌ಲೈನಿನಲ್ಲಿ ವಧು ನಿಂತಲ್ಲೇ ನಿಂತು ಮೂರು ಹೆಜ್ಜೆ ಆಚೆ ಕಾಣಿಸಿಕೊಳ್ಳುತ್ತಾಳೆ. ಯಾವ ಕಾರ್ಡು ಕೊಳ್ಳಲಿ ಎಂದು ಈಗಲೂ ಫೋನು ಮಾಡುವ ಊರಿನ ಸ್ಟುಡಿಯೊದವರಿಗೆ ಲೇಖಕ ಮೊದಲು ಕೇಳುವುದು ಕ್ಯಾಮೆರಾ ಯಾವುದೆಂದು. ಕಾರ್ಡಿನ ಬಗ್ಗೆ ಕೇಳಿದರೆ ಕ್ಯಾಮೆರಾ ವಿಚಾರಿಸುತ್ತಾನಲ್ಲ ಎಂದು ಅವರು ಮತ್ತೊಬ್ಬರಿಗೆ ಫೋನು ಮಾಡುತ್ತಾರೆ.